ಫಲಿತಾಂಶದಲ್ಲಿ ಶಾಲೆಯ ಪಾಲೆಷ್ಟು?

2019ರ ಏಪ್ರಿಲ್ ಕೊನೆಗೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಹಾಸನ ಜಿಲ್ಲೆ ಶೇ 89.33ರೊಡನೆ ರಾಜ್ಯಕ್ಕೇ ಮೊದಲಾಗಿತ್ತು. ಎರಡು ವರ್ಷ ಹಿಂದೆ ಇದೇ ಜಿಲ್ಲೆ 31ನೇ ಸ್ಥಾನದಲ್ಲಿತ್ತು. 2018ರಲ್ಲಿ 7ಕ್ಕೆ ಏರಿತ್ತು. ಸಂತೋಷದ ಬೆನ್ನಿಗೇ ಈ ಸಾಧನೆ ಯಾರದು ಎಂಬ ವಾದ ಹುಟ್ಟಿತು. ಕೆಲವು ತಿಂಗಳ ಹಿಂದಷ್ಟೇ ವರ್ಗವಾಗಿದ್ದ ಜಿಲ್ಲಾಧಿಕಾರಿ ರೋಹಿಣಿ ಸಿಂಧೂರಿಯವರದು ಎಂದರು ಹಲವರು. ಜಿಲ್ಲಾ ಪಂಚಾಯಿತಿಯಲ್ಲಿದ್ದ ಭವಾನಿ ರೇವಣ್ಣನವರ ಶ್ರಮದ ಫಲ ಎಂದರು ಅವರ ಪತಿ, ಅಂದಿನ ಸಚಿವ ಎಚ್.ಡಿ. ರೇವಣ್ಣ. ಶಿಕ್ಷಕರ ಹೆಸರನ್ನೂ ಕೆಲವರು ಎತ್ತಿದರು. ಹೆಸರುಗಳು ಬೇರೆಬೇರೆಯಾದರೂ ಎಲ್ಲರ ಮಾತಿನ ತಳದಲ್ಲಿದ್ದ ನಂಬಿಕೆ ಒಂದೇ: ಫಲಿತಾಂಶದ ಶೇಕಡಾವಾರು ಎಂದರೆ ಯಾರೋ ಮಾಡಿದ ಕೆಲಸದ ಅಳತೆ. ಆ ನಂಬಿಕೆ ಹತ್ತನೇ ತರಗತಿಗೇ ನಿಲ್ಲುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಯಾವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಬಗ್ಗೆ ಮಾತು ಬಂದರೂ, ಆರರಿಂದ ಎಂಟನೇ ತರಗತಿವರೆಗಿನ ಮಕ್ಕಳು ಎಷ್ಟು ಅಂಕ ತೆಗೆಯುತ್ತಾರೆ ಎಂಬುದರ ಮೇಲೆಯೇ ‘ಒಳ್ಳೆಯ ಶಾಲೆ’, ‘ಕೆಟ್ಟ ಶಾಲೆ’ ಎಂಬ ತೀರ್ಪು ಹೊರಬೀಳುತ್ತದೆ. ಈ ತೀರ್ಪಿನಲ್ಲಿ ದೊಡ್ಡ ಗೊಂದಲವಿದೆ, ಅದರ ಬೆಲೆಯನ್ನು ತೆರುವವರು ಮಕ್ಕಳು ಎಂಬುದು ನನ್ನ ವಾದ.

ಮೊದಲು ಆ ನಂಬಿಕೆಯ ಬಲವನ್ನು ಒಪ್ಪಿಕೊಳ್ಳಬೇಕು. ಪಾಠ ನಡೆಯದ ಶಾಲೆಯಲ್ಲಿ ಮಕ್ಕಳು ಕಲಿಯುವುದಿಲ್ಲ. ಗಣಿತಕ್ಕೆ ಕಾಯಂ ಶಿಕ್ಷಕರಿರುವ ಶಾಲೆಗೂ, ಜೂನ್ ಕಳೆದು ಆಗಸ್ಟ್ ಬಂದರೂ ಅತಿಥಿ ಶಿಕ್ಷಕರ ದಾರಿ ಕಾಯುವ ಶಾಲೆಗೂ ವ್ಯತ್ಯಾಸ ಇದ್ದೇ ಇರುತ್ತದೆ. ಮುಖ್ಯ ಶಿಕ್ಷಕರೊಬ್ಬರು ಬದಲಾದ ಮೇಲೆ ಶಾಲೆಯ ಹುರುಪೇ ಬದಲಾದದ್ದನ್ನು ಊರವರೆಲ್ಲ ನೋಡಿರುತ್ತಾರೆ. ಮಿಗಿಲಾಗಿ, ಅಂಕಿಯೇ ಇಲ್ಲದಿದ್ದರೆ ಬಡವರ ಮಕ್ಕಳು ಓದುವ ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳುವ ಆಧಾರವೇ ಇರುವುದಿಲ್ಲ. ಶ್ರೀಮಂತರು ಶಾಲೆ ಬದಲಿಸಿ ಉತ್ತರ ಪಡೆದುಕೊಳ್ಳುತ್ತಾರೆ. ಬಡವರಿಗೆ ಪ್ರಶ್ನೆ ಕೇಳಲು ಅಂಕಿಯೇ ಬೇಕು. ಆದ್ದರಿಂದ ಅಂಕಿಗಳನ್ನು ಎಸೆದುಬಿಡಿ ಎನ್ನುವವರ ಜೊತೆ ನಾನಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ನಂಬಿಕೆಯಿದೆ. ಅದನ್ನು ವೇದಿಕೆಯ ಮೇಲೆ ಯಾರೂ ಆಡುವುದಿಲ್ಲ, ಸ್ಟಾಫ್ ರೂಮಿನಲ್ಲಿ ಆಡುತ್ತಾರೆ: ‘ನಮ್ಮ ಮಕ್ಕಳ ಹಿನ್ನೆಲೆಯೇ ಹಾಗೆ. ಓದು ಬಂದವರ ಮಕ್ಕಳೆಲ್ಲ ಕಾನ್ವೆಂಟಿಗೆ ಹೋದರು, ಉಳಿದವರು ಕೂಲಿಕಾರರ ಮಕ್ಕಳು, ಇವರಿಂದ ಇಷ್ಟೇ ಆಗೋದು.’ ಇದರಲ್ಲೂ ಸತ್ಯದ ಅಂಶವಿದೆ. ಮನೆಯಲ್ಲಿ ಓದಿದವರಿದ್ದರೆ, ಪುಸ್ತಕವಿದ್ದರೆ, ಸಂಜೆ ಕೂರಲು ಜಾಗವಿದ್ದರೆ ಮಗು ಹೆಚ್ಚು ಕಲಿಯುತ್ತದೆ. ಜಗತ್ತಿನ ಯಾವ ಭಾಗದಲ್ಲಿ ಅಳೆದು ನೋಡಿದರೂ ಇದು ಸುಳ್ಳಾಗಿಲ್ಲ.

ಮೇಲ್ನೋಟಕ್ಕೆ ಈ ಎರಡು ನಂಬಿಕೆಗಳು ಶತ್ರುಗಳು. ಒಂದು ಎಲ್ಲವನ್ನೂ ಶಾಲೆಯ ಖಾತೆಗೆ ಹಾಕುತ್ತದೆ, ಇನ್ನೊಂದು ಎಲ್ಲವನ್ನೂ ಮನೆಯ ಖಾತೆಗೆ. ಎರಡೂ ಮಾಡುವ ತಪ್ಪು ಮಾತ್ರ ಒಂದೇ: ಹಲವು ಕಾರಣಗಳು ಬೆರೆತು ಹುಟ್ಟಿದ ಒಂದೇ ಅಂಕಿಯನ್ನು ಬಿಡಿಸದೆ ಇಡಿಯಾಗಿ ಒಬ್ಬರ ಹೆಸರಿಗೆ ಬರೆದುಬಿಡುವುದು. ಹೊಲದ ಮಣ್ಣು, ನೀರು ನೋಡದೆ ಆಲೂಗಡ್ಡೆಯ ಇಳುವರಿಯೊಂದರಿಂದಲೇ ಬೆಳೆಗಾರನ ಕಸುಬು ಅಳೆಯುವುದನ್ನು ಹಾಸನದ ಯಾವ ರೈತನೂ ಒಪ್ಪುವುದಿಲ್ಲ. ಶಾಲೆಯ ವಿಷಯಕ್ಕೆ ಬಂದರೆ ಅದನ್ನು ನಾವೆಲ್ಲ ಒಪ್ಪಿಕೊಂಡು ಕೂತಿದ್ದೇವೆ.

ತಪ್ಪು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ಲೆಕ್ಕ. ಇಲ್ಲಿನ ಅಂಕಿಗಳು ವಾದಕ್ಕಾಗಿ ಕಲ್ಪಿಸಿಕೊಂಡವು. ತಾಲ್ಲೂಕು ಕೇಂದ್ರದಲ್ಲಿ ಒಂದು ಶಾಲೆ, ಹಳ್ಳಿಯಲ್ಲಿ ಒಂದು ಶಾಲೆ, ಎಂಟನೇ ತರಗತಿಯಲ್ಲಿ ತಲಾ ನೂರು ಮಕ್ಕಳು. ಪಟ್ಟಣದ ಶಾಲೆಯಲ್ಲಿ 80 ಮಕ್ಕಳ ತಂದೆತಾಯಿ ಹತ್ತನೇ ತರಗತಿಯಾದರೂ ಓದಿದವರು. 20 ಮಕ್ಕಳ ಮನೆಯಲ್ಲಿ ಓದಿದವರಿಲ್ಲ. ಹಳ್ಳಿಯ ಶಾಲೆಯಲ್ಲಿ ಇದು ತಿರುಗುಮುರುಗು: 20 ಮತ್ತು 80. ಪಟ್ಟಣದಲ್ಲಿ ಓದಿದವರ ಮಕ್ಕಳು 72 ಜನ, ಓದದವರ ಮಕ್ಕಳು 10 ಜನ ಪಾಸಾದರು. ಒಟ್ಟು ಶೇ 82. ಹಳ್ಳಿಯಲ್ಲಿ ಓದಿದವರ ಮಕ್ಕಳು 19, ಓದದವರ ಮಕ್ಕಳು 52. ಒಟ್ಟು ಶೇ 71. ಪಟ್ಟಿಯಲ್ಲಿ ಹಳ್ಳಿಯ ಶಾಲೆ ಹನ್ನೊಂದು ಅಂಕಿ ಕೆಳಗಿದೆ, ಮುಖ್ಯ ಶಿಕ್ಷಕರಿಗೆ ನೋಟಿಸು ಬರುತ್ತದೆ. ಒಳಗಿನ ಲೆಕ್ಕ ನೋಡಿ. ಓದಿದವರ ಮಕ್ಕಳಲ್ಲಿ ಪಟ್ಟಣದ ಶಾಲೆ ಶೇ 90, ಹಳ್ಳಿಯದು ಶೇ 95. ಓದದವರ ಮಕ್ಕಳಲ್ಲಿ ಪಟ್ಟಣದ್ದು ಶೇ 50, ಹಳ್ಳಿಯದು ಶೇ 65. ಎರಡು ಬಗೆಯ ಮಕ್ಕಳಿಗೂ ಹಳ್ಳಿಯ ಶಾಲೆಯೇ ಮೇಲು, ಒಟ್ಟು ಅಂಕಿಯಲ್ಲಿ ಅದೇ ಕೀಳು. ಮಕ್ಕಳ ಮಿಶ್ರಣ ಬೇರೆಯಾದಲ್ಲೆಲ್ಲ ಇಂಥ ಅಡಿಮೇಲು ಸಂಭವಿಸಬಹುದು. ಅಂಕಿಯನ್ನು ಬಿಡಿಸಿ ನೋಡುವವರೆಗೂ ಅದು ಆಗಿದೆಯೋ ಇಲ್ಲವೋ ಹೇಳಲಾಗದು.

ಹಾಗಾದರೆ ಒಂದು ಶಾಲೆಯ ಶೇಕಡಾವಾರಿನೊಳಗೆ ಏನೇನು ಅಡಗಿದೆ? ನನಗೆ ಕಾಣುವುದು ಇಷ್ಟು:

1. ಒಳಗೆ ಬಂದವರು ಯಾರು. ಜೂನ್ ತಿಂಗಳಲ್ಲಿ ಆರನೇ ತರಗತಿಯ ಬಾಗಿಲಿಗೆ ಬಂದಾಗಲೇ ಮಗು ಏನು ಬಲ್ಲದು ಎಂಬುದು. ಮಕ್ಕಳ ಓದು, ಲೆಕ್ಕವನ್ನು ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ 2022ರಲ್ಲಿ ಕರ್ನಾಟಕದ ಗ್ರಾಮೀಣ ಭಾಗದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಮೂರರಲ್ಲೊಬ್ಬರಿಗಿಂತ ಕಡಿಮೆ. ಉಳಿದವರೂ ಮಾರನೇ ವರ್ಷ ಆರನೇ ತರಗತಿಯ ವಿಜ್ಞಾನ ಪುಸ್ತಕ ಹಿಡಿಯುತ್ತಾರೆ.

2. ಲೆಕ್ಕದಿಂದ ಹೊರಗುಳಿದವರು ಯಾರು. ನಡುವೆ ಶಾಲೆ ಬಿಟ್ಟವರು, ಟಿಸಿ ಪಡೆದು ಹೋದವರು, ಪರೀಕ್ಷೆಯ ದಿನ ಬಾರದವರು.

3. ಪರೀಕ್ಷೆ ಎಷ್ಟು ಬಿಗಿಯಾಗಿ ನಡೆಯಿತು, ಉತ್ತರ ಪತ್ರಿಕೆಯನ್ನು ಯಾರು ತಿದ್ದಿದರು.

4. ಮಕ್ಕಳ ಸಂಖ್ಯೆ. ಎಂಟನೇ ತರಗತಿಯಲ್ಲಿ ಒಂಬತ್ತೇ ಮಕ್ಕಳಿದ್ದರೆ ಒಂದು ಮಗುವಿಗೆ ಜ್ವರ ಬಂದರೆ ಶಾಲೆ ಹನ್ನೊಂದು ಅಂಕಿ ಕುಸಿಯುತ್ತದೆ. ನೂರಕ್ಕೆ ನೂರು ಪಡೆದ ಶಾಲೆಗಳ ಪಟ್ಟಿಯಲ್ಲಿಯೂ ತೀರಾ ಕಳಪೆ ಶಾಲೆಗಳ ಪಟ್ಟಿಯಲ್ಲಿಯೂ ಚಿಕ್ಕ ಶಾಲೆಗಳೇ ಹೆಚ್ಚು ಕಾಣಿಸಿಕೊಳ್ಳುವುದು ಲೆಕ್ಕದ ಸಹಜ ಗುಣ. ಅದನ್ನು ಶಿಕ್ಷಕರ ಪುಣ್ಯ ಪಾಪ ಎಂದು ಓದುವುದು ತಪ್ಪು.

5. ಇವೆಲ್ಲ ಕಳೆದು ಉಳಿದದ್ದು, ಶಾಲೆ ಮಾಡಿದ ಕೆಲಸ.

ನಾವು ಹೊಗಳುವುದು ತೆಗಳುವುದು ಐದನೆಯದರ ಹೆಸರಿನಲ್ಲಿ. ಕೈಯಲ್ಲಿ ಹಿಡಿದಿರುವುದು ಐದೂ ಬೆರೆತ ಮೊತ್ತ.

ಮೂರನೆಯ ಅಂಶವನ್ನು ಕಡೆಗಣಿಸುವವರಿಗೆ 2024ರ ಉದಾಹರಣೆ ಸಾಕು. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಮೂಲಕ ನಿಗಾ ಇಡುವ ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಹಿಂದಿನ ವರ್ಷ ಶೇ 96.80ರೊಡನೆ ಮೊದಲಿದ್ದ ಚಿತ್ರದುರ್ಗ ಶೇ 72.85ಕ್ಕೆ ಬಂತು, ಶೇ 96.68ರೊಡನೆ ಮೂರನೆಯದಾಗಿದ್ದ ಹಾಸನ ಶೇ 86.28ಕ್ಕೆ. ಒಂದೇ ವರ್ಷದಲ್ಲಿ ಯಾವ ಜಿಲ್ಲೆಯ ಶಿಕ್ಷಕರೂ ಇಷ್ಟು ಕೆಡುವುದಿಲ್ಲ, ಯಾವ ಜಿಲ್ಲೆಯ ಮನೆಗಳೂ ಇಷ್ಟು ಬಡವಾಗುವುದಿಲ್ಲ. ಬದಲಾದದ್ದು ಅಳೆಯುವ ರೀತಿ. ಇದನ್ನು ಯಾರ ಮೇಲಿನ ಆರೋಪವಾಗಿಯೂ ಹೇಳುತ್ತಿಲ್ಲ. ಅಳೆಯುವ ರೀತಿ ಬದಲಾದರೆ ಇಪ್ಪತ್ನಾಲ್ಕು ಅಂಕಿ ಅಲುಗಾಡಬಲ್ಲ ಸಂಖ್ಯೆಯನ್ನು ಹಿಡಿದು, ಮೂರು ಅಂಕಿಯ ಅಂತರಕ್ಕೆ ಒಂದು ಶಾಲೆಯನ್ನು ಸನ್ಮಾನಿಸಿ ಪಕ್ಕದ ಶಾಲೆಯನ್ನು ನಿಲ್ಲಿಸಿ ಕೇಳುವುದಕ್ಕೆ ನ್ಯಾಯವಿಲ್ಲ ಎಂಬುದಷ್ಟೇ ನನ್ನ ಮಾತು.

ಮೊದಲನೆಯ ಅಂಶ ಇನ್ನೂ ಆಳವಾದದ್ದು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಉಡುಪಿಯದು ಶೇ 86.24, ಯಾದಗಿರಿಯದು ಶೇ 51.83. ಆ ಗಣತಿಯಲ್ಲಿ ಸಾಕ್ಷರರೆಂದೋ ಅಲ್ಲವೆಂದೋ ಎಣಿಕೆಯಾದ ವಯಸ್ಕರೇ ನಂತರದ ವರ್ಷಗಳಲ್ಲಿ ಪರೀಕ್ಷೆ ಬರೆದ ಮಕ್ಕಳ ತಂದೆತಾಯಿ. ಕರಾವಳಿಯ ಎರಡು ಜಿಲ್ಲೆಗಳು ಪಟ್ಟಿಯ ಮೇಲ್ಭಾಗದಲ್ಲಿ ಮತ್ತೆಮತ್ತೆ ಕಾಣುವುದರಲ್ಲಿ, ಯಾದಗಿರಿ 2019ರಲ್ಲೂ 2023ರಲ್ಲೂ 2024ರಲ್ಲೂ ಕೊನೆಯದಾದದ್ದರಲ್ಲಿ ಆ ವರ್ಷದ ಶಿಕ್ಷಕರ ಶ್ರಮದ ಕಥೆಗಿಂತ ಒಂದು ತಲೆಮಾರಿನ ಹಿಂದಿನ ಶಾಲೆಗಳ ಕಥೆಯೇ ಹೆಚ್ಚಿದೆ. ಯಾದಗಿರಿಯ ಶಿಕ್ಷಕರು ಉಡುಪಿಯ ಶಿಕ್ಷಕರಷ್ಟೇ ದುಡಿದರೂ ಉಡುಪಿಯ ಅಂಕಿ ಬರುವುದಿಲ್ಲ. ಆ ದುಡಿಮೆಗೆ ಬೆಲೆ ಕಟ್ಟುವ ಸಾಧನ ನಮ್ಮಲ್ಲಿಲ್ಲದ ಕಾರಣ ಅವರನ್ನು ಪ್ರತಿ ಮೇ ತಿಂಗಳಲ್ಲೂ ನಾಡಿನೆದುರು ತಲೆತಗ್ಗಿಸುವಂತೆ ಮಾಡುತ್ತೇವೆ. ಇದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಹಾಸನ ಸ್ವಾರಸ್ಯಕರವಾಗುವುದು ಇಲ್ಲಿಯೇ. ಅದೇ ಗಣತಿಯಲ್ಲಿ ಹಾಸನದ ಸಾಕ್ಷರತೆ ಶೇ 76.07, ರಾಜ್ಯದ್ದು ಶೇ 75.36. ಎಂದರೆ ಸರಾಸರಿ ಜಿಲ್ಲೆ. ಕರಾವಳಿಯಂತೆ ಹಳೆಯ ಓದಿನ ಬಂಡವಾಳ ಇಲ್ಲಿಲ್ಲ, ಯಾದಗಿರಿಯಂಥ ಕೊರತೆಯೂ ಇಲ್ಲ. ಮನೆಯೊಂದೇ ಫಲಿತಾಂಶವನ್ನು ನಿರ್ಧರಿಸುವುದಾದರೆ ಹಾಸನ ಸದಾ ಪಟ್ಟಿಯ ನಡುವೆ ಇರಬೇಕಿತ್ತು. 2017ರ 31ನೇ ಸ್ಥಾನಕ್ಕೂ 2019ರ ಮೊದಲ ಸ್ಥಾನಕ್ಕೂ ನಡುವೆ ಜಿಲ್ಲೆಯ ಜಾತಿ, ಭೂಮಿ, ಸಾಕ್ಷರತೆ ಒಂದಿಷ್ಟೂ ಬದಲಾಗಿರಲಿಲ್ಲ. ಕ್ಯಾಮೆರಾ ಬಂದ ವರ್ಷವೂ ಹಾಸನದ ಕುಸಿತ ರಾಜ್ಯದ ಕುಸಿತದಷ್ಟೇ ಇತ್ತು, ಮೊದಲ ಹತ್ತರೊಳಗೇ ಅದು ಉಳಿಯಿತು. ಆದ್ದರಿಂದ ‘ನಮ್ಮ ಮಕ್ಕಳಿಂದ ಇಷ್ಟೇ’ ಎಂಬ ಸ್ಟಾಫ್ ರೂಮಿನ ವಾದಕ್ಕೆ ಹಾಸನವೇ ಸಾಕಷ್ಟು ಬಲವಾದ ಉತ್ತರ. ಸಾಕ್ಷರತೆಯೊಂದೇ ಮನೆಯ ಹಿನ್ನೆಲೆಯ ಪೂರ್ತಿ ಅಳತೆಯಲ್ಲ, ಒಪ್ಪುತ್ತೇನೆ. ಆದರೆ ಎರಡು ವರ್ಷದಲ್ಲಿ ಮೂವತ್ತು ಸ್ಥಾನ ಮೇಲೇರಿದ್ದನ್ನು ಹಿನ್ನೆಲೆಯ ಯಾವ ಅಳತೆಯೂ ವಿವರಿಸಲಾರದು.

ಹಾಗೆಂದು ಆ ಏರಿಕೆ ಪೂರ್ತಿ ಕಲಿಕೆಯೇ ಎನ್ನಲೂ ಬರುವುದಿಲ್ಲ. ಪಾಸು ನಪಾಸು ಎಂಬ ಅಳತೆಯ ದೋಷ ಇಲ್ಲಿ ಹೊರಬೀಳುತ್ತದೆ. ಪಾಸಿಗೆ 35 ಅಂಕ ಬೇಕಿದ್ದ ಆ ವರ್ಷಗಳಲ್ಲಿ 33 ಅಂಕದ ಮಗುವನ್ನು 35ಕ್ಕೆ ತಂದರೆ ಶಾಲೆಗೆ ಪೂರ್ತಿ ಒಂದು ಮಗುವಿನ ಲಾಭ. 8 ಅಂಕದ ಮಗುವನ್ನು 30ಕ್ಕೆ ತಂದರೆ ಶೂನ್ಯ ಲಾಭ. ಎರಡನೆಯದಕ್ಕೆ ಬೇಕಾದ ದುಡಿಮೆ ಹತ್ತು ಪಟ್ಟು, ಆ ಮಗುವಿನ ಬದುಕಿಗೆ ಆದ ಉಪಕಾರವೂ ಅಷ್ಟೇ ದೊಡ್ಡದು. ಈ ಅಳತೆಯಡಿ ಕೆಲಸ ಮಾಡುವ ವಿವೇಕಿ ಶಿಕ್ಷಕರು ಅಂಚಿನಲ್ಲಿರುವ ಮಕ್ಕಳನ್ನು ಹುಡುಕಿ ಅವರಿಗೆ ವಿಶೇಷ ತರಗತಿ ಮಾಡುತ್ತಾರೆ, ಖಚಿತವಾಗಿ ಬರುವ ಪ್ರಶ್ನೆಗಳನ್ನು ಪೋಣಿಸಿದ ‘ಪಾಸಿಂಗ್ ಪ್ಯಾಕೇಜ್’ ಬಾಯಿಪಾಠ ಮಾಡಿಸುತ್ತಾರೆ, ಸರಣಿ ಪರೀಕ್ಷೆ ಬರೆಸುತ್ತಾರೆ. ಅವರನ್ನು ದೂರುವಂತಿಲ್ಲ. ಒಂದು ಮಗು ಪಾಸಾಗಿ ಪಿಯುಸಿಗೋ ಐಟಿಐಗೋ ಹೋಗುವುದು ಸಣ್ಣ ಸಂಗತಿಯಲ್ಲ. ಆದರೆ ಹತ್ತನೇ ತರಗತಿಯ ಡಿಸೆಂಬರಿನಲ್ಲಿ ಹುಡುಕುವ ‘ನಿಧಾನ ಕಲಿಕೆಯ’ ಮಕ್ಕಳು ಆ ಡಿಸೆಂಬರಿನಲ್ಲಿ ಹುಟ್ಟಿದವರಲ್ಲ. ಭಿನ್ನರಾಶಿ ಅರ್ಥವಾಗದೆ ಆರನೇ ತರಗತಿ ದಾಟಿದವರು, ಒಂದು ಪುಟ ಓದಿ ಸಾರ ಹೇಳಲಾರದೆ ಏಳನೇ ತರಗತಿ ದಾಟಿದವರು ಅವರೇ. ನಡುವಿನ ಮೂರು ವರ್ಷ, ಆರು ಏಳು ಎಂಟು, ಯಾವ ಜಿಲ್ಲಾ ಪಟ್ಟಿಯಲ್ಲೂ ಇರಲಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಈ ಕಾರಣಕ್ಕೇ ಹಿರಿಯ ಪ್ರಾಥಮಿಕ ಹಂತದ ಶಾಲೆಯನ್ನು ಹೇಗೆ ಅಳೆಯಬೇಕು ಎಂಬ ಪ್ರಶ್ನೆ ನನಗೆ ಜಿಲ್ಲಾ ರ‍್ಯಾಂಕಿಗಿಂತ ಮುಖ್ಯವಾಗಿ ಕಾಣುತ್ತದೆ.

ಖಾಸಗಿ ಶಾಲೆಯ ಶ್ರೇಷ್ಠತೆಯ ಮಾತಿಗೂ ಇದೇ ಪರೀಕ್ಷೆ ಒಡ್ಡಬೇಕು. ಹಳದಿ ವ್ಯಾನು ಹತ್ತುವ ಮಗು ಹೆಚ್ಚು ಅಂಕ ಪಡೆಯುತ್ತದೆ, ನಿಜ. ವ್ಯಾನಿಗೂ ಫೀಸಿಗೂ ದುಡ್ಡಿರುವ, ಮಗುವಿನ ಓದಿನ ಬಗ್ಗೆ ಆತಂಕವಿರುವ ಮನೆಯಿಂದ ಬಂದದ್ದೂ ಅದೇ ಮಗು. ಎರಡನ್ನು ಬೇರ್ಪಡಿಸುವುದು ಹೇಗೆ? ನಮ್ಮ ನೆರೆಯ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಅದನ್ನು ಮಾಡಿ ನೋಡಿದ್ದಾರೆ. ಸಂಶೋಧಕರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಜಿ ಹಾಕಿದ ಸರ್ಕಾರಿ ಶಾಲೆಯ ಮಕ್ಕಳಲ್ಲಿ ಲಾಟರಿ ಎತ್ತಿ ಗೆದ್ದವರಿಗೆ ಖಾಸಗಿ ಶಾಲೆಯ ಫೀಸು ಕೊಟ್ಟರು. ಲಾಟರಿಯಾದ್ದರಿಂದ ಗೆದ್ದವರ ಮನೆಗೂ ಸೋತವರ ಮನೆಗೂ ವ್ಯತ್ಯಾಸವಿರಲಿಲ್ಲ. ನಾಲ್ಕು ವರ್ಷದ ಕೊನೆಗೆ ತೆಲುಗು, ಗಣಿತಗಳಲ್ಲಿ ಇಬ್ಬರ ಅಂಕವೂ ಹೆಚ್ಚುಕಡಿಮೆ ಒಂದೇ ಇತ್ತು. ಸರ್ಕಾರಿ ಶಾಲೆ ಹೆಚ್ಚು ಕಲಿಸದ ಹಿಂದಿಯಲ್ಲಿ ಖಾಸಗಿ ಶಾಲೆಯ ಮಕ್ಕಳು ಮುಂದಿದ್ದರು. ಖಾಸಗಿ ಶಾಲೆಗಳು ಕಡಿಮೆ ಖರ್ಚಿನಲ್ಲಿ ಇಷ್ಟನ್ನು ಮಾಡಿದವು ಎಂಬುದೂ ಅಷ್ಟೇ ಸತ್ಯ, ಅದನ್ನು ಮುಚ್ಚಿಡಬಾರದು. ಆದರೆ ದೂರದಿಂದ ಕಾಣುವ ದೊಡ್ಡ ಅಂತರದ ಬಹುಭಾಗ ಮನೆಯದೇ ಎಂಬುದನ್ನು ಆ ಲಾಟರಿ ತೋರಿಸಿಕೊಟ್ಟಿತು. ನಮ್ಮ ಜಿಲ್ಲೆಯ ಮಾವಿನಕೆರೆಯ ನವೋದಯ ವಿದ್ಯಾಲಯದ ಬಗ್ಗೆಯೂ ಎಚ್ಚರದಿಂದ ಮಾತಾಡಬೇಕು. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಸಿ, ಇಡೀ ಜಿಲ್ಲೆಯಿಂದ 80 ಮಕ್ಕಳನ್ನು ಆರಿಸಿಕೊಳ್ಳುವ ಶಾಲೆ ಅದು. ಅದರ ಸಾಧನೆಯ ಒಂದು ಪಾಲು ಆ ಮಕ್ಕಳನ್ನು ಐದನೇ ತರಗತಿಯವರೆಗೆ ಓದಿಸಿ ಕಳುಹಿಸಿಕೊಟ್ಟ ಹಳ್ಳಿ ಶಾಲೆಗಳದು. ಅತಿ ಚುರುಕಾದ ಮಗುವನ್ನು ಬಿಟ್ಟುಕೊಟ್ಟ ಶಾಲೆಯ ಸರಾಸರಿ ಮರುವರ್ಷ ಇಳಿಯುತ್ತದೆ. ತಾನು ಮಾಡಿದ ಒಳ್ಳೆಯ ಕೆಲಸಕ್ಕೇ ದಂಡ ತೆತ್ತಂತೆ.

‘ನಮ್ಮ ಕಾಲದ ಮಿಡ್ಲ್ ಸ್ಕೂಲು ಎಷ್ಟು ಚೆನ್ನಾಗಿತ್ತು’ ಎಂಬ ಹಿರಿಯರ ಮಾತನ್ನೂ ಇಲ್ಲಿಯೇ ತೂಗಿ ನೋಡಬಹುದು. ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇದ್ದ ಕಾಲದಲ್ಲಿ ಪಟೇಲರ ಮಗ, ಶಾನುಭೋಗರ ಮಗ, ಮೇಷ್ಟ್ರ ಮಗ ಎಲ್ಲ ಅದೇ ಶಾಲೆಯಲ್ಲಿ ಕೂರುತ್ತಿದ್ದರು. ಕೂಲಿಯವರ ಮಕ್ಕಳಲ್ಲಿ, ಹೆಣ್ಣುಮಕ್ಕಳಲ್ಲಿ ಬಹಳಷ್ಟು ಜನ ಏಳನೇ ತರಗತಿಯ ಹೊತ್ತಿಗೆ ಶಾಲೆಯಲ್ಲಿ ಇರುತ್ತಲೇ ಇರಲಿಲ್ಲ. ಉಳಿದವರ ಸರಾಸರಿ ಚೆನ್ನಾಗಿದ್ದದ್ದರಲ್ಲಿ ಆಶ್ಚರ್ಯವೇನು? ಇಂದು ಹಲವು ಊರುಗಳಲ್ಲಿ ಉಳ್ಳವರ ಮಕ್ಕಳು ಹೊರಟುಹೋಗಿದ್ದಾರೆ. ಸರ್ಕಾರಿ ಶಾಲೆ ಹೆಚ್ಚಾಗಿ ದಲಿತ ಕೇರಿಯ, ಹಿಂದುಳಿದವರ, ವಲಸೆ ಬಂದವರ ಮಕ್ಕಳ ಶಾಲೆಯಾಗಿದೆ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಶೇ 25 ಸೀಟುಗಳು 2012ರಿಂದ ಕೆಲವು ವರ್ಷ ಬಡವರಲ್ಲೇ ಹೆಚ್ಚು ಆಸ್ಥೆಯುಳ್ಳ ಮನೆಗಳ ಮಕ್ಕಳನ್ನೂ ಖಾಸಗಿಗೆ ಕರೆದೊಯ್ದವು. ಹತ್ತಿರ ಸರ್ಕಾರಿ ಶಾಲೆಯಿರುವ ಕಡೆ ಆ ಅವಕಾಶವಿಲ್ಲವೆಂದು 2019ರ ಹೊತ್ತಿಗೆ ರಾಜ್ಯ ನಿಯಮ ಬದಲಿಸಿತು. ಶಿಕ್ಷಕರು ಮೊದಲಿನಂಥವರೇ, ಕಟ್ಟಡ ಮೊದಲಿಗಿಂತ ಮೇಲು, ಮಧ್ಯಾಹ್ನದ ಊಟ ಬಂದಿದೆ. ಸರಾಸರಿ ಮಾತ್ರ ಇಳಿದಿದೆ. ಅದನ್ನು ಶಾಲೆ ಕೆಟ್ಟಿತು ಎಂದು ಓದುವವರು, ಮೊದಲು ಹೊರಗಿದ್ದ ಮಗು ಈಗ ಒಳಗಿದೆ ಎಂಬ ನಮ್ಮ ನಾಡಿನ ಅತಿ ದೊಡ್ಡ ಗೆಲುವನ್ನೇ ಸೋಲೆಂದು ಬರೆಯುತ್ತಿದ್ದಾರೆ.

ಇನ್ನು ಹಿನ್ನೆಲೆಯೇ ವಿಧಿ ಎನ್ನುವವರ ವಾದ. ಅಮೆರಿಕದಲ್ಲಿ 1966ರಲ್ಲಿ ಜೇಮ್ಸ್ ಕೋಲ್ಮನ್ ನೇತೃತ್ವದ ವರದಿ, ಮಕ್ಕಳ ಅಂಕಗಳ ವ್ಯತ್ಯಾಸಕ್ಕೆ ಶಾಲೆಯ ಸೌಕರ್ಯಗಳಿಗಿಂತ ಕುಟುಂಬದ ಹಿನ್ನೆಲೆ ಹೆಚ್ಚು ಕಾರಣ ಎಂದಿತು. ಅದನ್ನು ‘ಶಾಲೆಯಿಂದ ಏನೂ ಆಗದು’ ಎಂದು ಹಲವರು ಓದಿಕೊಂಡರು. ಶಾಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೆ ಅಂಕದ ವ್ಯತ್ಯಾಸಕ್ಕೆ ಶಾಲೆ ಕಾರಣವಾಗಿ ಕಾಣುವುದಿಲ್ಲ; ಅದರಿಂದ ಶಾಲೆ ಕಲಿಸುತ್ತಿಲ್ಲ ಎಂದಾಗುವುದಿಲ್ಲ. 1983ರಲ್ಲಿ ಸಂಶೋಧಕರಾದ ಹೇನಮನ್ ಮತ್ತು ಲಾಕ್ಸ್ಲಿ 29 ದೇಶಗಳ ಮಾಹಿತಿ ಹೋಲಿಸಿ ನೋಡಿದಾಗ, ದೇಶ ಬಡವಾದಷ್ಟೂ ಶಾಲೆ ಮತ್ತು ಶಿಕ್ಷಕರ ಗುಣಮಟ್ಟದ ಪ್ರಭಾವ ಹೆಚ್ಚು ಎಂಬ ಅಂಶ ಹೊರಬಂತು. ಯೋಚಿಸಿದರೆ ಇದು ಸಹಜವೇ. ಮನೆಯಲ್ಲಿ ಕಲಿಸುವವರಿರುವ ಮಗುವಿಗೆ ಶಾಲೆ ಎರಡನೆಯ ದಾರಿ. ಇಲ್ಲದ ಮಗುವಿಗೆ ಅದೊಂದೇ ದಾರಿ. ‘ಇವರ ಹಿನ್ನೆಲೆ ಹಾಗೆ’ ಎಂಬುದು ಶಾಲೆ ಕಡಿಮೆ ಮಾಡಲು ಕಾರಣವಾಗದು, ಹೆಚ್ಚು ಮಾಡಲು ಕಾರಣವಾಗುತ್ತದೆ.

ಹಿನ್ನೆಲೆ ಎಂಬುದು ನೇರವಾಗಿ ಮಗುವಿನ ತಲೆಗೆ ಹೊಕ್ಕುವ ವಸ್ತುವೂ ಅಲ್ಲ. ಅದು ಕೆಲವು ದಾರಿಗಳಲ್ಲಿ ಬರುತ್ತದೆ, ಆ ದಾರಿಗಳು ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ. ಅರಕಲಗೂಡಿನ ಹೊಗೆಸೊಪ್ಪಿನ ಊರುಗಳಲ್ಲಿ ಸೊಪ್ಪು ಬೇಯಿಸುವ ದಿನ ಬಂತೆಂದರೆ ಮನೆಯಲ್ಲಿ ಎಲ್ಲರ ಕೈಗೂ ಕೆಲಸ. ಅಲ್ಲಿ ಹಿನ್ನೆಲೆ ಎಂದರೆ ಹಾಜರಾತಿ. ಚನ್ನರಾಯಪಟ್ಟಣದ ಕಡೆ ದುಡಿಯುವ ವಯಸ್ಸಿನವರು ಬೆಂಗಳೂರು ಸೇರಿ ಮಗು ಅಜ್ಜಿಯ ಬಳಿ ಉಳಿದ ಮನೆಗಳಲ್ಲಿ ಹಿನ್ನೆಲೆ ಎಂದರೆ ಸಂಜೆ ಲೆಕ್ಕ ಹೇಳಿಕೊಡುವವರಿಲ್ಲದಿರುವುದು. ಹಾಸನ ನಗರದ ಅಂಚಿನಲ್ಲಿ ಕಟ್ಟಡದ ಕೆಲಸಕ್ಕೆ, ಕಾರ್ಖಾನೆಗೆ ಬಂದ ಕುಟುಂಬಗಳಲ್ಲಿ ಅದು ಮನೆಮಾತಿಗೂ ಪಠ್ಯದ ಕನ್ನಡಕ್ಕೂ ನಡುವಿನ ದೂರ, ವರ್ಷದ ನಡುವೆ ಶಾಲೆ ಬದಲಾಗುವುದು. ಹೊಳೆನರಸೀಪುರದಲ್ಲಿ ಹೇಮಾವತಿಯ ನೀರು ಸಿಕ್ಕ ಊರಿಗೂ ಸಿಗದ ಊರಿಗೂ ಆದಾಯದಲ್ಲಿಯೇ ಅಂತರ. ಒಂದೊಂದು ದಾರಿಗೂ ಒಂದೊಂದು ಉಪಾಯವಿದೆ: ಹಾಜರಾತಿಗೆ ಮನೆಭೇಟಿ, ಹಸಿವಿಗೆ ಊಟ ಮತ್ತು ಮೊಟ್ಟೆ, ದೂರಕ್ಕೆ ಹಾಸ್ಟೆಲು, ಸಂಜೆಗೆ ಗುಂಪು ಅಧ್ಯಯನ. ಜಾತಿಯೂ ಇಂಥ ದಾರಿಗಳ ಮೂಲಕವೇ ಅಂಕಕ್ಕೆ ಬರುತ್ತದೆ: ಭೂಮಿಯಿಲ್ಲದಿರುವುದು, ಮೊದಲ ತಲೆಮಾರಿನ ಓದು, ಜೊತೆಗೆ ‘ಇವರಿಗೆ ಇಷ್ಟು ಸಾಕು’ ಎಂಬ ಶಿಕ್ಷಕರ ಮನಸ್ಸು. ಈ ಕೊನೆಯದು ಮಗುವಿನ ಹಿನ್ನೆಲೆಯಲ್ಲ, ಶಾಲೆಯ ಹಿನ್ನೆಲೆ.

ಈಗ ಆಕ್ಷೇಪಣೆಗಳು. ಪೋಷಕರಿಗೆ ಇಷ್ಟೆಲ್ಲ ಲೆಕ್ಕ ಬೇಡ, ಒಳ್ಳೆಯ ಮಕ್ಕಳ ಜೊತೆ ಕೂತರೆ ನಮ್ಮ ಮಗುವೂ ಕಲಿಯುತ್ತದೆ ಎಂಬುದು ಒಂದು. ಸಹಪಾಠಿಗಳ ಪ್ರಭಾವ ಸುಳ್ಳಲ್ಲ. ಒಬ್ಬ ತಾಯಿ ಆ ಕಾರಣಕ್ಕೆ ಶಾಲೆ ಆರಿಸಿದರೆ ನಾನು ಆಡಿಕೊಳ್ಳಲಾರೆ. ಆದರೆ ಅದು ಪೋಷಕರ ಆಯ್ಕೆಯ ಮಾತು. ಶಿಕ್ಷಕರ ಕೆಲಸವನ್ನು ತೂಗುವ ಇಲಾಖೆಗೆ, ಹಣ ಹಂಚುವ ಸರ್ಕಾರಕ್ಕೆ ಅದು ಆಧಾರವಾಗಕೂಡದು. ಎರಡನೆಯ ಆಕ್ಷೇಪಣೆ ನಿಜಕ್ಕೂ ಗಟ್ಟಿ: ಹಿನ್ನೆಲೆಯನ್ನು ಲೆಕ್ಕಕ್ಕೆ ತಂದರೆ ಬಡ ಮಗುವಿನಿಂದ ಕಡಿಮೆ ನಿರೀಕ್ಷಿಸುವುದಕ್ಕೆ ಸರ್ಕಾರಿ ಮುದ್ರೆ ಬಿದ್ದಂತಾಗುವುದಿಲ್ಲವೇ? ಆ ಅಪಾಯ ಇದೆ. ಆದ್ದರಿಂದ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಮಗುವಿಗೆ ಗುರಿ ಇಡುವಾಗ ಹಿನ್ನೆಲೆ ನೋಡಬಾರದು. ಶಾಲೆಗೆ ಬೆಲೆ ಕಟ್ಟುವಾಗ ನೋಡದೆ ಇರಬಾರದು. ಎಂಟನೇ ತರಗತಿಯ ಗಣಿತ ಎಲ್ಲ ಮಕ್ಕಳಿಗೂ ಅದೇ ಗಣಿತ. ಇಬ್ಬರು ಶಿಕ್ಷಕರಲ್ಲಿ ಯಾರು ಹೆಚ್ಚು ದೂರ ಕರೆತಂದರು ಎಂದು ಕೇಳುವಾಗ ಮಾತ್ರ ಹೊರಟ ಜಾಗ ಗೊತ್ತಿರಬೇಕು. ಹೀಗೆ ಮಾಡಿದರೆ ನೆಪಗಳು ಹೆಚ್ಚುವುದಿಲ್ಲ, ಕಡಿಮೆಯಾಗುತ್ತವೆ. ಇಂದು ಬಡವರ ಶಾಲೆಯ ಸೋಮಾರಿ ಶಿಕ್ಷಕ ‘ಮಕ್ಕಳೇ ಹೀಗೆ’ ಎನ್ನಬಲ್ಲ, ಉಳ್ಳವರ ಶಾಲೆಯ ಸೋಮಾರಿ ಶಿಕ್ಷಕ ಶೇ 95ರ ಹಿಂದೆ ಅವಿತುಕೊಳ್ಳಬಲ್ಲ. ಒಂದೇ ಬಗೆಯ ಮಕ್ಕಳಿರುವ ಹತ್ತು ಶಾಲೆಗಳ ಪಕ್ಕದಲ್ಲಿ ನಿಲ್ಲಿಸಿದರೆ ಇಬ್ಬರಿಗೂ ಅವಿತುಕೊಳ್ಳಲು ಜಾಗವಿರುವುದಿಲ್ಲ.

ಇದಕ್ಕೆ ಬೇಕಾದ ಮಾಹಿತಿಯ ಬಹುಪಾಲು ಈಗಾಗಲೇ ಇದೆ. ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಶಾಲೆ ಬದಲಾದರೂ ಮಗುವಿನ ಜಾಡು ಹಿಡಿಯಬಹುದು. ಇಲ್ಲದಿರುವುದು ಆರನೇ ತರಗತಿಯ ಆರಂಭದಲ್ಲಿ ಮತ್ತು ಎಂಟರ ಕೊನೆಯಲ್ಲಿ, ಓದುವುದು ಬರೆಯುವುದು ಲೆಕ್ಕ ಮಾಡುವುದು ಇಷ್ಟನ್ನೇ ನಂಬುವಂತೆ ಅಳೆಯುವ ವ್ಯವಸ್ಥೆ. 2023ರಲ್ಲಿ 5 ಮತ್ತು 8ನೇ ತರಗತಿಗೆ ಮೌಲ್ಯಾಂಕನ ತಂದಾಗ ಅದಕ್ಕೊಂದು ಅವಕಾಶವಿತ್ತು. ಆದರೆ ಅದು ಬೋರ್ಡ್ ಪರೀಕ್ಷೆಯ ವೇಷದಲ್ಲಿ ಬಂದು, ನ್ಯಾಯಾಲಯದ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಡುವಲ್ಲಿಗೆ ಮುಟ್ಟಿತು. ಎಳೆಯ ಮಗುವನ್ನು ಪಾಸು ನಪಾಸು ಮಾಡಬಹುದಾದ ಪರೀಕ್ಷೆಗೆ ಪೋಷಕರು ಹೆದರಿದ್ದು ಸರಿಯೇ. ಮಗುವಿನ ಮೇಲೆ ಯಾವ ಪರಿಣಾಮವೂ ಇಲ್ಲದ, ಶಾಲೆಗೆ ಮಾತ್ರ ಕನ್ನಡಿಯಾಗುವ ಅಳತೆಯನ್ನು ಅದರಿಂದ ಬೇರೆ ಮಾಡಬೇಕು.

ಈ ಅಳತೆಗೂ ದೋಷಗಳಿವೆ. ಪ್ರಗತಿಯನ್ನು ಅಳೆಯುತ್ತಾರೆಂದು ಗೊತ್ತಾದ ಶಾಲೆ ಆರನೇ ತರಗತಿಯ ಆರಂಭದ ಅಂಕವನ್ನು ಬೇಕೆಂದೇ ಕೆಳಗಿಡಬಹುದು. ಆ ಅಳತೆಯನ್ನು ಶಾಲೆಯ ಶಿಕ್ಷಕರ ಬದಲು ಬೇರೆ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ಮತ್ತು ಶಿಕ್ಷಕರು ಮಾಡಿದರೆ ಆ ದೋಷ ಬಹಳಷ್ಟು ತಗ್ಗುತ್ತದೆ. ಚಿಕ್ಕ ಶಾಲೆಗಳ ಅಂಕಿ ವರ್ಷದಿಂದ ವರ್ಷಕ್ಕೆ ಹೊಯ್ದಾಡುವುದರಿಂದ ಮೂರು ವರ್ಷ ಒಟ್ಟುಗೂಡಿಸಿ ನೋಡಬೇಕು, ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ತರಗತಿಗೆ ಶೇಕಡಾವಾರು ಬರೆಯಲೇಬಾರದು. ನಡುವೆ ಬಿಟ್ಟುಹೋದ ಮಗು ಲೆಕ್ಕದಿಂದ ಮಾಯವಾಗದೆ, ಮತ್ತೊಂದು ಶಾಲೆಯ ದಾಖಲಾತಿಯಲ್ಲಿ ಕಾಣುವವರೆಗೂ ಹಳೆಯ ಶಾಲೆಯ ಹೆಸರಿನಲ್ಲೇ ಉಳಿಯಬೇಕು. ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಭೆಯಲ್ಲಿ ಮುಖ್ಯ ಶಿಕ್ಷಕರ ಮುಂದಿಡುವ ಹಾಳೆಯಲ್ಲಿ ರ‍್ಯಾಂಕಿನ ಕಾಲಂ ತೆಗೆದು ಮೂರು ಕಾಲಂ ಹಾಕಿದರೆ ಸಾಕು: ಆರಕ್ಕೆ ಬಂದಾಗ ಒಂದು ಪುಟ ಓದಲಾರದಿದ್ದವರು ಎಷ್ಟು, ಎಂಟು ಮುಗಿಸುವಾಗ ಓದಬಲ್ಲವರಾದವರು ಎಷ್ಟು, ಇದೇ ಬಗೆಯ ಮಕ್ಕಳಿರುವ ಬೇರೆ ಶಾಲೆಗಳಲ್ಲಿ ಆ ಸಂಖ್ಯೆ ಎಷ್ಟು.